ಇಂದಾಪುರದ ನೀರೂ ಕರಾವಳಿಯ ನಂಗೂ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ವಿಜಯಪುರಕ್ಕೋ ಕಲಬುರಗಿಗೋ ಹೊರಟ ನಮ್ಮವರೆಲ್ಲರೂ ಇಂದಾಪುರ ತಾಲ್ಲೂಕನ್ನು ಹಾದೇ ಹೋಗಬೇಕು. ಭಿಗವಣದಲ್ಲಿ ಎಡಕ್ಕೆ ಸ್ವಲ್ಪ ಹೊರಳಿದರೆ ಸಾಕು, ಕಣ್ಣು ಹಾಯುವಷ್ಟು ದೂರ ನೀರೇ ನೀರು. ಭೀಮಾ ನದಿಗೆ ಉಜನಿಯಲ್ಲಿ ಕಟ್ಟಿದ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಹಿಂದೆ ನಿಂತ ನೀರು ಇದು. ಹೊಲಗಳೂ ಹಳ್ಳಿಗಳೂ ಇದರ ಅಡಿ ಸೇರಿದವು. ನೀರು ತೀರ ಇಳಿದ ಬೇಸಿಗೆಯಲ್ಲಿ ಪಳಸದೇವದ ಹಳೆಯ ಗುಡಿ ಮೇಲೆ ಕಾಣಿಸಿಕೊಳ್ಳುತ್ತದೆ, 2023ರಲ್ಲಿಯೂ ಹೀಗಾಯಿತು. ಚಳಿಗಾಲದಲ್ಲಿ ರಾಜಹಂಸಗಳ ಹಿಂಡು ಬಂದಿಳಿಯುತ್ತದೆ.

ನೀರು ಬಂದಲ್ಲಿಗೆ ಮೀನೂ ಬಂದಿತು. ಕಟ್ಲಾ, ರೋಹು, ಇಲ್ಲಿಯವರು ಚಿಲಾಪಿ ಎನ್ನುವ ತಿಲಾಪಿಯಾ, ಇವೆಲ್ಲ ಇಲ್ಲಿ ರಾಶಿಯಾಗಿ ಬೀಳುತ್ತವೆ. ಕರಾವಳಿಯಿಂದ ಬಂದ ನಾವು ಈ ರಾಶಿಯ ಮುಂದೆ ನಿಂತಾಗ, "ಅಜ್ಜಿಯ ಮನೆಯ ನಂಗು ಇಲ್ಲೇಕಿಲ್ಲ?" ಎಂದು ಮಕ್ಕಳು ಕೇಳುವುದುಂಟು. ಪ್ರಶ್ನೆ ಸಣ್ಣದು, ಉತ್ತರ ಹೇಳಲು ನದಿಯ ದಾರಿಯನ್ನೂ ಕಡಲಿನ ತಳವನ್ನೂ ತಿಳಿದಿರಬೇಕು.

ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪಡುಗಡಲು ಅಲ್ಲಿಂದ ಬಹಳ ದೂರವಲ್ಲ. ಆದರೂ ನದಿ ಅತ್ತ ತಿರುಗದೆ ಮೂಡಲಿಗೆ ಹರಿದು, ಇದೇ ತಾಲ್ಲೂಕಿನ ನೀರಾ ನರಸಿಂಗಪುರದಲ್ಲಿ ನೀರಾ ನದಿಯನ್ನು ಕೂಡಿಕೊಂಡು, ನಮ್ಮ ಕಲಬುರಗಿ ಸೀಮೆಯನ್ನು ತಣಿಸಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಂಗಾದರೋ ಪಡುಗಡಲಿನ ಉಪ್ಪುನೀರಿನ ಮೀನು. ಅಲ್ಲಿಯ ತಳದ ಕೆಸರೇ ಅದರ ಮನೆ.

ತುಳುವಿನಲ್ಲಿ ನಂಗ್, ಕೊಂಕಣಿ ಮರಾಠಿಗಳಲ್ಲಿ ಲೇಪ ಎನಿಸಿಕೊಳ್ಳುವ ಈ ಮೀನು ನಾಲಿಗೆಯಂತೆ ಚಪ್ಪಟೆ. ಉದ್ದ ಹೆಚ್ಚೆಂದರೆ ಗೇಣಿನಷ್ಟು. ಮರಿಯಾಗಿದ್ದಾಗ ಇದೂ ಎಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ತಲೆಯ ಎರಡು ಪಕ್ಕಕ್ಕೂ ಒಂದೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ಮೆಲ್ಲಮೆಲ್ಲನೆ ಸರಿದು ಎಡಗಣ್ಣಿನ ಪಕ್ಕಕ್ಕೆ ಬಂದು ಕೂರುತ್ತದೆ. ಆಮೇಲೆ ಮೀನು ಬಲಮಗ್ಗುಲಾಗಿ ಕೆಸರಿನ ಮೇಲೆ ಒರಗಿಬಿಡುತ್ತದೆ. ಮೇಲಿನ ಮೈ ಕೆಸರಿನ ಕಂದು, ಅಡಿಯ ಮೈ ಬಿಳಿ. ಹುಳುಗಳೂ ಸೀಗಡಿಯ ಜಾತಿಯ ಸಣ್ಣ ಜೀವಿಗಳೂ ಇದರ ಆಹಾರ.

ಕಲ್ಲಿಕೋಟೆಯ ಕಡಲಿನ ನಂಗನ್ನು ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ತಾಳ್ಮೆಯಿಂದ ಅಭ್ಯಾಸ ಮಾಡಿದರು. ಮುಂಗಾರಿನಲ್ಲಿ ಈ ಮೀನು ದಡ ಬಿಟ್ಟು ಆಳಕ್ಕೆ ಸರಿಯುತ್ತದೆ, ಮಳೆ ತಗ್ಗಿದ ಮೇಲೆ ಮತ್ತೆ ದಡದತ್ತ ಬರುತ್ತದೆ ಎಂದು ಕಂಡುಕೊಂಡರು. ಮರದ ಕಾಂಡದ ಬಳೆಗಳಂತೆ ಇದರ ಹುರುಪೆಯ ಮೇಲೂ ಗೆರೆ ಮೂಡುತ್ತದೆ. ಆ ಗೆರೆ ಬೀಳುವುದು ಮಳೆಗಾಲದಲ್ಲಿ, ಅದನ್ನು ನೋಡಿ ಮೀನಿನ ವಯಸ್ಸನ್ನು ಎಣಿಸಬಹುದು ಎಂದೂ ತೋರಿಸಿಕೊಟ್ಟರು.

ಇದನ್ನು ತಿಳಿದಮೇಲೆ ನಮಗೂ ಒಂದು ಹೊಣೆಯಿದೆ. ತಳವನ್ನೇ ಗುಡಿಸುವ ಟ್ರಾಲ್ ಬಲೆಗೆ ದೊಡ್ಡದು ಮರಿ ಎಂಬ ಭೇದವಿಲ್ಲ. ಕೆಸರಿಗೆ ಅಂಟಿ ಮಲಗಿ ತಪ್ಪಿಸಿಕೊಳ್ಳುವ ನಂಗಿನ ಉಪಾಯ ಅದರ ಮುಂದೆ ನಡೆಯದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆ ದಿನಗಳಲ್ಲಿ ಊರಿನವರನ್ನು "ನಂಗು ಕಳಿಸಿ" ಎಂದು ಕಾಡದಿರೋಣ. ಬೆರಳುದ್ದದ ಮರಿಗಳನ್ನು ಯಾವ ಕಾಲದಲ್ಲೂ ಕೊಳ್ಳದಿರೋಣ. ಅಲ್ಲಿಯವರೆಗೆ ಭೀಮೆಯ ಚಿಲಾಪಿಯನ್ನೇ ರವೆ ಹಚ್ಚಿ ಕಾಯಿಸಿದರೆ ಊಟಕ್ಕೇನೂ ಕುಂದಿಲ್ಲ.

ದಸರೆಯ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮಲ್ಪೆಯ ಬಂದರಿಗೆ ಕರೆದೊಯ್ಯಬೇಕು. ಚರ್ಮ ಸುಲಿದು ಬಾಣಲೆಗೆ ಹಾಕುವ ಮೊದಲು ಒಂದು ನಂಗನ್ನು ಅಂಗೈಯ ಮೇಲಿಟ್ಟು, ಒಂದೇ ಪಕ್ಕದ ಆ ಎರಡು ಕಣ್ಣುಗಳನ್ನು ತೋರಿಸಬೇಕು.