ಮೂಗುದಾಣವಿಲ್ಲದ ಹೋರಿ

ಹಿರೇಕೆರೂರು ಕಡೆಯ ನಲವತ್ತು ದಾಟಿದ ಗಂಡಸನ್ನು ‘ನೀವು ಆಟಗೀಟ ಆಡ್ತೀರೇನ್ರೀ?’ ಎಂದು ಕೇಳಿ ನೋಡಿ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ‘ಏ, ನಮಗ್ಯಾತರ ಆಟರೀ, ಗೋವಿನಜೋಳಕ್ಕ ರೇಟಿಲ್ಲ, ಮಳಿ ನೋಡಿದ್ರ ಹಿಂಗ. ಹುಡುಗರು ಆಡ್ತಾವ’ ಅನ್ನುತ್ತಾನೆ. ಹಾಗೆ ಹೇಳುವಾಗಲೂ ಅವನ ಕೈ ಹೋರಿಯ ಬೆನ್ನ ಮೇಲೆ ಓಡಾಡುತ್ತಿರುತ್ತದೆ. ಆ ಹೋರಿಯಾದರೂ ಎಂಥದ್ದು? ನೇಗಿಲಿಗೂ ಹೂಡುವುದಿಲ್ಲ, ಬಂಡಿಗೂ ಕಟ್ಟುವುದಿಲ್ಲ. ಹುರುಳಿ, ಹಿಂಡಿ ತಿಂದು, ಕೆರೆಯಲ್ಲಿ ಈಜಿ, ಮೈ ತಿಕ್ಕಿಸಿಕೊಂಡು ವರ್ಷವಿಡೀ ಒಂದೇ ಕೆಲಸಕ್ಕೆ ತಯಾರಾಗುತ್ತದೆ. ದೀಪಾವಳಿ ಬಂದ ಮೇಲೆ ಅಖಾಡದಲ್ಲಿ ಓಡಬೇಕು, ಅಷ್ಟೆ. ಇಂಥ ಮನೆಯೊಂದರ ಯಜಮಾನತಿ ನನಗೆ ಚಹಾ ಕೊಡುತ್ತ ಹೇಳಿದ್ದರು: ‘ನಮ್ಮ ಮನ್ಯಾಗ ಎರಡು ಹೋರಿ ಅದಾವ್ರೀ. ಒಂದಕ್ಕ ಮೂಗುದಾಣ ಐತಿ, ಇನ್ನೊಂದಕ್ಕ ಇಲ್ಲ.’ ಮೂಗುದಾಣವಿಲ್ಲದ್ದು ಪಡಸಾಲೆಯಲ್ಲಿ ಕುಳಿತು ಬಲೂನುಗಳಿಗೆ ಗಾಳಿ ಊದುತ್ತಿತ್ತು.

ಹೋರಿ ಬೆದರಿಸುವುದು ಅಂದರೇನು ಎಂದು ಹಾವೇರಿ ಜಿಲ್ಲೆಯವರಿಗೆ ವಿವರಿಸಹೊರಟರೆ ನಗೆಪಾಟಲು. ಹೊರಗಿನವರಿಗಾಗಿ ಎರಡು ಮಾತು ಸಾಕು. ಕೋಡಿಗೆ ಬಲೂನು, ರಿಬ್ಬನ್ನು, ಮೈಮೇಲೆ ಜೂಲು, ಕೊರಳ ತುಂಬ ಒಣಕೊಬ್ಬರಿ ಸರ. ಇಕ್ಕೆಲದಲ್ಲಿ ಜನ ಕಿಕ್ಕಿರಿದಿರುವಾಗ ನಡುವೆ ಹೋರಿ ನುಗ್ಗುತ್ತದೆ, ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಕೊಬ್ಬರಿ ಕೊಡದೆ ದಾಟಿದ ಹೋರಿ ಗೆದ್ದಿತು. ಗೆದ್ದದ್ದಕ್ಕೆ ಬೈಕು, ಫ್ರಿಜ್ಜು, ಬಂಗಾರ. ಇರಲಿ, ಅದು ಹೋರಿಯ ಮಾಲೀಕನ ಲೆಕ್ಕವಾಯಿತು. ಅಂಗಿ ಹರಿದುಕೊಂಡು, ಮೊಣಕಾಲು ಕೆತ್ತಿಸಿಕೊಂಡು ಒಂದು ಬಟ್ಟಲು ಕೊಬ್ಬರಿ ಕಿತ್ತವನಿಗೇನು ಸಿಕ್ಕಿತು? ಅದೇ ಕೊಬ್ಬರಿ ಶೆಟ್ಟರ ಅಂಗಡಿಯಲ್ಲಿ ಕಾಸು ಕೊಟ್ಟರೆ ಕಾಗದದಲ್ಲಿ ಕಟ್ಟಿಕೊಡುತ್ತಾರೆ. ಆದರೆ ಶೆಟ್ಟರ ಕೊಬ್ಬರಿಯನ್ನು ಯಾರಾದರೂ ತಲೆಯ ಮೇಲೆ ಎತ್ತಿ ಹಿಡಿದು ಓಣಿತುಂಬ ಕುಣಿದಿದ್ದುಂಟೆ?

ಇದರಲ್ಲಿ ಪೆಟ್ಟು ಬೀಳುತ್ತದೆ, ಜೀವವೂ ಹೋಗಿದೆ. ಅದನ್ನು ಮರೆತು ಹೊಗಳಲು ನನಗೆ ಮನಸ್ಸಿಲ್ಲ. ಸುಪ್ರೀಂ ಕೋರ್ಟು 2014ರಲ್ಲಿ ಜಲ್ಲಿಕಟ್ಟನ್ನು ನಿಲ್ಲಿಸಿದಾಗ ಅದರ ಬಿಸಿ ಇಲ್ಲಿಗೂ ತಟ್ಟಿತ್ತು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ಇಂಥ ಆಟಗಳಿಗೆ ದಾರಿ ಬಿಡಲು ಮಾಡಿಕೊಂಡ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಕಂಬಳವಿದೆ, ಚಕ್ಕಡಿ ಓಟವಿದೆ. ನಮ್ಮ ಕೊಬ್ಬರಿ ಹೋರಿ ಅದರ ನೆರಳಿಗೆ ಬರುತ್ತದೋ ಇಲ್ಲವೋ ಎಂಬುದು ಗುಡಿಕಟ್ಟೆಯ ಮೇಲಿನ ಖಾಯಂ ವ್ಯಾಜ್ಯ. ಅದೂ ಒಂದು ಆಟವೇ ಅನ್ನಿ. ಅಲ್ಲಿ ಎಲ್ಲರೂ ವಕೀಲರು, ಕಕ್ಷಿದಾರ ಮಾತ್ರ ಹೊರಗೆ ಮೇವು ತಿನ್ನುತ್ತಿರುತ್ತಾನೆ.

ಡಚ್ ಇತಿಹಾಸಕಾರ ಯೊಹಾನ್ ಹೊಯ್ಜಿಂಗಾ ಎಂಬಾತ 1938ರಲ್ಲಿ ‘ಹೋಮೋ ಲುಡೆನ್ಸ್’ ಎಂಬ ಪುಸ್ತಕ ಬರೆದ. ಆಟವೆಂದರೆ ದಿನನಿತ್ಯದ ಬದುಕಿನಿಂದ ಆಚೆ ನಿಂತದ್ದು, ಅದಕ್ಕೆ ಅದರದೇ ಜಾಗ, ಅದರದೇ ಹೊತ್ತು, ಲಾಭಕ್ಕಾಗಿ ಆಡುವುದಲ್ಲ ಎಂದು ಅವನ ವಾದ. ದೊಡ್ಡ ಮನುಷ್ಯ, ತಪ್ಪು ಹೇಳಿರಲಾರ. ಆದರೆ ನಮ್ಮ ಕಡೆ ಒಂದು ಹಬ್ಬ ಮುಗಿಸಿಕೊಂಡು ಹೋಗಿದ್ದರೆ ಇನ್ನೊಂದು ಅಧ್ಯಾಯ ಸೇರಿಸುತ್ತಿದ್ದನೇನೋ. ಚಿಕ್ಕವರಿಗೆ ಆಡಲು ಜಾಗ ಇದ್ದರೆ ಸಾಕು, ದೊಡ್ಡವರಿಗೆ ಜಾಗದ ಜೊತೆಗೊಂದು ನೆಪ ಬೇಕು. ದೇವರ ನೆಪ, ಹಬ್ಬದ ನೆಪ, ಹಿರಿಯರು ನಡೆಸಿಕೊಂಡು ಬಂದದ್ದೆಂಬ ನೆಪ. ನೆಪ ಗಟ್ಟಿಯಾಗಿದ್ದಷ್ಟೂ ಆಟ ನಿರ್ಭಯ.

ನಾಗರಪಂಚಮಿಯನ್ನೇ ನೋಡಿ. ಹೇಳುವುದಕ್ಕೆ ನಾಗಪ್ಪನಿಗೆ ಹಾಲೆರೆಯುವ ಹಬ್ಬ. ಎರೆದು ಮುಗಿಯುವುದೇ ತಡ, ಬೇವಿನ ಮರಕ್ಕೆ ಹಗ್ಗ ಬೀಳುತ್ತದೆ. ತವರಿಗೆ ಬಂದ ಮಗಳು, ಎರಡು ಮಕ್ಕಳ ತಾಯಿ, ಗಂಡನ ಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಜೋಕಾಲಿ ಜೀಕುತ್ತ ಮರದ ತುದಿಯ ಎಲೆ ಕಚ್ಚಿ ತರುತ್ತೇನೆಂದು ಪಂಥ ಕಟ್ಟುತ್ತಾಳೆ. ಮಕ್ಕಳು ಕೆಳಗೆ ನಿಂತು ‘ಯವ್ವಾ, ನನ್ನ ಸರತಿ ಯಾವಾಗ?’ ಎಂದು ಅಳುತ್ತಿರುತ್ತವೆ. ಯಾರಿಗೆ ಕೇಳಬೇಕು? ಅದಕ್ಕೂ ಮುಂಚಿನ ರೊಟ್ಟಿ ಪಂಚಮಿಯಂದು ಮನೆಮನೆಗೆ ರೊಟ್ಟಿ, ಪಲ್ಲೆ, ಚಟ್ನಿ ಬೀರುತ್ತಾರೆ. ನೀವು ಕೊಟ್ಟದ್ದೂ ರೊಟ್ಟಿ, ನಿಮಗೆ ಬಂದದ್ದೂ ರೊಟ್ಟಿ. ಲೆಕ್ಕ ಹಾಕಿದರೆ ಎಲ್ಲರೂ ಇದ್ದಲ್ಲೇ ಇದ್ದಾರೆ. ಆದರೆ ಬೇಲಿ ಜಗಳದಿಂದ ಮಾತು ಬಿಟ್ಟ ಎರಡು ಮನೆಗಳ ನಡುವೆ ಆ ದಿನ ತಾಟು ಹೋಗಿ ಬರುತ್ತದೆ. ಮಾತು ಬಿಟ್ಟದ್ದು ಗಂಡಸರು, ತಾಟು ಒಯ್ಯುವುದು ಹೆಂಗಸರು. ಹಾಗಾಗಿ ಯಾರ ಮರ್ಯಾದೆಗೂ ಧಕ್ಕೆಯಿಲ್ಲ.

ಇನ್ನು ನಾಟಕ. ನಮ್ಮ ಹಳ್ಳಿಗಳ ಜಾತ್ರೆ ನಾಟಕದ ಹೆಸರಿನಲ್ಲಿ ಅಣ್ಣ, ತಂಗಿ, ತಾಳಿ ಈ ಮೂರರಲ್ಲಿ ಒಂದಾದರೂ ಇರಬೇಕು, ಇಲ್ಲದಿದ್ದರೆ ಕರಪತ್ರ ಅಚ್ಚು ಹಾಕುವವನಿಗೇ ಸಂಶಯ ಬರುತ್ತದೆ. ಪಾರ್ಟು ಮಾಡುವವರಿಗೆ ಸಂಬಳವಿಲ್ಲ, ಬದಲಿಗೆ ಅವರೇ ಪಟ್ಟಿ ಹಾಕಿ ದುಡ್ಡು ಕೊಡಬೇಕು. ಹೀರೋ ಪಾರ್ಟಿಗೆ ಜಾಸ್ತಿ. ಕೆಲವು ಊರಲ್ಲಿ ಖಳನಾಯಕನಿಗೂ ಅಷ್ಟೇ, ಯಾಕೆಂದರೆ ನಗು ಉದ್ದ. ಕರೆಂಟ್ ಬಿಲ್ಲು ಕಟ್ಟುವ ತಾರೀಕು ನೆನಪಿರದವನು ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಹೋಗಿ, ಪೆಟ್ಟಿಗೆ ಮಾಸ್ತರರ ಕೈಲಿ ಬೈಸಿಕೊಂಡು, ಮಾರುದ್ದದ ಮಾತು ಬಾಯಿಪಾಠ ಮಾಡುತ್ತಾನೆ. ಎಮ್ಮೆ ಹಿಂಡುವಾಗಲೂ ಅದೇ ಮಾತು. ಎಮ್ಮೆಗೂ ಕ್ಯೂ ಗೊತ್ತಾಗಿರುತ್ತದೆ. ಇಂಥವನನ್ನು ಕೂರಿಸಿಕೊಂಡು ‘ಬದುಕಿನಲ್ಲಿ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ’ ಎಂದು ಭಾಷಣ ಮಾಡುವ ಧೈರ್ಯ ಯಾರಿಗಿದೆ? ಅಂಥ ಭಾಷಣಗಳೆಲ್ಲ ಈಗ ವಾಟ್ಸಾಪಿನಲ್ಲಿ ಬೆಳಗಾಗುವುದರೊಳಗೆ ಬಂದು ಬೀಳುತ್ತವೆ, ಅರ್ಧಕ್ಕರ್ಧ ಸರ್ವಜ್ಞನ ಅಂಕಿತ ಹೊತ್ತು. ಸರ್ವಜ್ಞನ ಊರೆನ್ನುವ ಅಬಲೂರು ನಮ್ಮ ತಾಲೂಕಿನದೇ ಆದ್ದರಿಂದ ಅವನ ಪರವಾಗಿ ಒಂದು ತಕರಾರು ದಾಖಲಿಸುತ್ತೇನೆ: ತಿರುಗಾಡುತ್ತ ಬದುಕಿದ ಆ ಮನುಷ್ಯ ಬೆಳಿಗ್ಗೆ ಐದಕ್ಕೆ ಎದ್ದು ಗುರಿ ಬರೆದಿಡಿ ಎಂದು ಯಾರಿಗೂ ಹೇಳಿರಲಾರ.

ವಾಟ್ಸಾಪ್ ಎಂದೆನಲ್ಲ, ಗುರುವಂದನೆ ನೆನಪಾಯಿತು. ಈಗ ರವಿವಾರ ಬಂತೆಂದರೆ ಯಾವುದೋ ಹೈಸ್ಕೂಲಿನ ಯಾವುದೋ ವರ್ಷದ ಎಸ್ಸೆಸ್ಸೆಲ್ಸಿ ಬ್ಯಾಚಿನ ‘ಗುರುವಂದನಾ ಹಾಗೂ ಸ್ನೇಹ ಸಮ್ಮಿಲನ’ದ ಫ್ಲೆಕ್ಸು ನಿಲ್ಲುತ್ತದೆ. ನೆಪ ಗುರುಗಳದು. ಶಾಲು, ಫಲಪುಷ್ಪ, ನೆನಪಿನ ಕಾಣಿಕೆ ಎಲ್ಲ ಸಾಂಗವಾಗಿ ನಡೆಯುತ್ತದೆ. ಆಮೇಲೆ ಊಟದ ಸಾಲಿನಲ್ಲಿ ಅಸಲು ಕಾರ್ಯಕ್ರಮ ಶುರು. ಹುಬ್ಬಳ್ಳಿಯಲ್ಲಿ ಸಾಹೇಬನಾಗಿರುವವನನ್ನು ಯಾರೋ ‘ಲೇ ಬೋರಂಗಿ!’ ಎಂದು ಕೂಗುತ್ತಾರೆ. ಸಾಹೇಬನ ಮುಖ ನೋಡಬೇಕು ಆಗ. ಅವನನ್ನು ಹಾಗೆ ಕರೆಯುವ ಹಕ್ಕುಳ್ಳವರು ಭೂಮಿಯ ಮೇಲೆ ಆ ಚಪ್ಪರದಡಿ ಇರುವಷ್ಟೇ ಜನ. ವೇದಿಕೆಯ ಮೇಲೆ ಹಳೆಯ ಗಣಿತದ ಮಾಸ್ತರರು ಶಾಲಿನೊಳಗೇ ಸಣ್ಣ ನಿದ್ದೆ ತೆಗೆಯುತ್ತಿರುತ್ತಾರೆ. ಅಂದು ಕಟ್ಟಿದ ಗುಂಪು ಫೋನಿನಲ್ಲಿ ಒಂದು ತಿಂಗಳು ಗದ್ದಲವೆಬ್ಬಿಸಿ, ಆಮೇಲೆ ಗುಲಾಬಿ ಹೂವಿನ ಶುಭೋದಯಕ್ಕೆ ಇಳಿಯುತ್ತದೆ. ಆಗಲಿ ಬಿಡಿ, ಯಾರದಾದರೂ ಮನೆಯಲ್ಲಿ ಕಷ್ಟ ಬಂದರೆ ಅದೇ ಗುಲಾಬಿಗಳ ನಡುವೆ ಪಟ್ಟಿ ಎತ್ತಿದ್ದನ್ನೂ ಕಂಡಿದ್ದೇನೆ.

ಆದರೆ ಎಲ್ಲ ಆಟಗಳ ರಾಜ ಪಕ್ಕದ ರಾಣೆಬೆನ್ನೂರಿನಲ್ಲಿದೆ. ಹೋಳಿಯಲ್ಲಿ ಎಲ್ಲ ಊರಿನವರು ಮಣ್ಣಿನ, ಕಟ್ಟಿಗೆಯ ರತಿ-ಕಾಮಣ್ಣರನ್ನು ಕೂರಿಸಿದರೆ ಅಲ್ಲಿ ಜೀವಂತ ರತಿ-ಕಾಮಣ್ಣರು. ಇಬ್ಬರು ಗಂಡಸರು ವೇಷ ತೊಟ್ಟು ಸಿಂಹಾಸನದ ಮೇಲೆ ಕೂರುತ್ತಾರೆ, ಎದುರಿಗೆ ಊರಿಗೆ ಊರೇ ಸೇರಿ ಅವರನ್ನು ನಗಿಸಲು ನೋಡುತ್ತದೆ. ಚುಟುಕು, ಚೇಷ್ಟೆ, ಅಣಕು, ರಾಜಕೀಯ, ಇಲ್ಲಿ ಬರೆಯಬಾರದ್ದು, ಏನು ಬೇಕಾದರೂ ಹೇಳಬಹುದು. ನಗಿಸಿದವರಿಗೆ ಬಹುಮಾನ. ಅವರು ಮಾತ್ರ ತುಟಿ ಅಲುಗಿಸುವುದಿಲ್ಲ. ಇಂಥ ಸಂಯಮ ಅಪರೂಪವೆಂದು ಹೊಗಳಲು ಹೋದೆ, ಅಷ್ಟರಲ್ಲಿ ಕೆಲವು ಕಚೇರಿಗಳ ನೆನಪಾಯಿತು. ಅಲ್ಲಿ ಹೋಳಿಯೂ ಇಲ್ಲದೆ, ವೇಷವೂ ಇಲ್ಲದೆ ವರ್ಷಪೂರ್ತಿ ಹಾಗೆ ಕೂರುವವರಿದ್ದಾರಲ್ಲ!

ನಮ್ಮೂರಿನವರೊಬ್ಬರು, ನಿವೃತ್ತರು, ರತಿ-ಕಾಮಣ್ಣರನ್ನು ನಗಿಸಲು ಪ್ರತಿ ಹೋಳಿಗೂ ಒಂದು ಹೊಸ ಜೋಕು ಸಿದ್ಧಮಾಡಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತುತ್ತಾರೆ. ಅವರ ತೊಂದರೆಯೆಂದರೆ ಅರ್ಧ ಹೇಳುವಷ್ಟರಲ್ಲಿ ತಾವೇ ನಕ್ಕುಬಿಡುತ್ತಾರೆ. ಹೋದ ಸಲ ರಟ್ಟೀಹಳ್ಳಿ ದಾಟುವುದರೊಳಗೆ ತಾಲೀಮಿಗೆಂದು ಕಂಡಕ್ಟರನಿಗೆ ಹೇಳತೊಡಗಿದರು. ಇವರು ನಕ್ಕರು, ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ಕಾಮಣ್ಣನ ಹಾಗೆ ನಿಂತು ಎಲ್ಲ ಕೇಳಿಸಿಕೊಂಡು, ‘ಆತಲ್ರೀ ಕಾಕಾ? ಈಗ ಚಿಲ್ಲರೆ ಕೊಡ್ರಿ’ ಅಂದ.