ಕೇದಗೆಯ ಮರೆ

ನಾನು ತೆಗೆದ ಕಪ್ಪು ಗುಪ್ಪಿಯ ಚಿತ್ರದಲ್ಲಿ ಹಕ್ಕಿಗಿಂತ ಹುಲ್ಲೇ ಹೆಚ್ಚು. ಎಡಕ್ಕೆ ಗರಗಸದ ಅಂಚಿನ ಎರಡು ಕೇದಗೆ ಎಲೆ, ಬಲಕ್ಕೆ ಮಳೆಗೆ ಬಾಗಿದ ಜೊಂಡು, ನಡುವೆ ಒಂದು ಹಿಡಿ ಕತ್ತಲೆ. ಆ ಕತ್ತಲೆಯನ್ನು ನೋಡುತ್ತಲೇ ಇದ್ದರೆ ಕತ್ತಿನ ಪಕ್ಕದ ಹಳದಿ ಪಟ್ಟಿ ಮೊದಲು ಕಾಣುತ್ತದೆ, ಆಮೇಲೆ ಕಣ್ಣು, ಕೊನೆಗೆ ಕೊಕ್ಕು. ಚಿತ್ರ ನೋಡಿದ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಹುಲ್ಲು ಅಡ್ಡ ಬಂದಿದೆ.’ ಆ ಹುಲ್ಲನ್ನು ತೆಗೆದುಬಿಟ್ಟರೆ ಅದು ಗುಪ್ಪಿಯ ಚಿತ್ರವೇ ಅಲ್ಲ ಎಂದು ನನಗೆ ಅರ್ಥವಾಗಲು ಏಳೆಂಟು ಮಳೆಗಾಲ ಬೇಕಾಯಿತು.

ಅಂಕೋಲೆಯಿಂದ ಮಂಜಗುಣಿಗೆ ಹೋಗುವ ದಿಕ್ಕಿನಲ್ಲಿ, ಗಂಗಾವಳಿ ಹೊಳೆ ಸಮುದ್ರ ಸೇರುವ ಮುನ್ನ ಅಗಲವಾಗುವ ಕಡೆ, ಗಜನಿ ಗದ್ದೆಗಳಿವೆ. ಬೇಸಿಗೆಯಲ್ಲಿ ಭರತದ ಉಪ್ಪುನೀರು ಉಣ್ಣುವ ಈ ನೆಲ ಜೂನಿನ ಮಳೆಗೆ ಉಪ್ಪು ತೊಳೆದುಕೊಂಡು ಸಿಹಿಯಾಗುತ್ತದೆ. ಉಪ್ಪಿಗೂ ನೆರೆಗೂ ಜಗ್ಗದ ಕಗ್ಗ ಭತ್ತ ಈ ಕರಾವಳಿಯ ಇಂಥ ನೆಲದ್ದೇ ಬೆಳೆ. ಈಗ ಎಷ್ಟೋ ಗಜನಿಗಳು ಬಿತ್ತದೆ ಬಿದ್ದಿವೆ. ಕಟ್ಟೆ ಒಡೆದದ್ದು ಒಂದು ಕಾರಣ, ಆಳು ಸಿಗದ್ದು ಇನ್ನೊಂದು, ಸಿಗಡಿ ಕೆರೆಗಳು ಮತ್ತೊಂದು. ಪಾಳು ಬಿದ್ದಲ್ಲಿ ಜೊಂಡು ಎದ್ದಿದೆ, ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಹಬ್ಬಿದೆ, ಕಟ್ಟೆಯುದ್ದಕ್ಕೂ ಕೇದಗೆ ಹೆಣೆದುಕೊಂಡಿದೆ. ರಸ್ತೆಯಲ್ಲಿ ಹೋಗುವವರಿಗೆ ಅದು ಹಾಳು ಜಾಗ. ಗುಪ್ಪಿಗೆ ಅದು ಮನೆ.

ಗುಪ್ಪಿ ಎಂದರೆ ಬಕದ ಬಳಗದ್ದೇ ಹಕ್ಕಿ. ಆದರೆ ಬೆಳ್ಳಕ್ಕಿಯ ಹಾಗೆ ಗದ್ದೆಯ ನಡುವೆ ಬಂದು ನಿಲ್ಲುವ ಧೈರ್ಯ ಅದಕ್ಕಿಲ್ಲ, ಅದರ ಅಗತ್ಯವೂ ಇಲ್ಲ. ಹಳದಿ, ಕೆಂಪು, ಕಪ್ಪು ಎಂದು ಮೂರು ಬಗೆ ನಮ್ಮಲ್ಲಿವೆ. ಕೆಂಪು ಗುಪ್ಪಿ ದಾಲ್ಚಿನ್ನಿ ಚಕ್ಕೆಯ ಬಣ್ಣದ್ದು. ಹೆಚ್ಚಾಗಿ ಕಾಣುವುದು ಕಾಲ ಬುಡದಿಂದ ಪುರ್ರನೆ ಎದ್ದು ಹತ್ತು ಮಾರು ಹಾರಿ ಮತ್ತೆ ಹುಲ್ಲಿಗೆ ಬಿದ್ದಾಗ ಮಾತ್ರ. ಕಪ್ಪು ಗುಪ್ಪಿ ಇವುಗಳಲ್ಲಿ ದೊಡ್ಡದು, ಕೊಳದ ಬಕಕ್ಕಿಂತಲೂ ದೊಡ್ಡದು. ಅಷ್ಟು ದೊಡ್ಡ ಹಕ್ಕಿ ಅಷ್ಟು ಸಣ್ಣ ಪೊದೆಯಲ್ಲಿ ಇಲ್ಲವಾಗುವುದನ್ನು ಕಣ್ಣಾರೆ ಕಂಡವರೇ ನಂಬಬೇಕು. ಅಪಾಯ ಕಂಡರೆ ಅದು ಓಡುವುದಿಲ್ಲ. ಮೈಯನ್ನು ಸಣ್ಣಗೆ ಎಳೆದು, ಕೊಕ್ಕನ್ನು ಆಕಾಶಕ್ಕೆ ನೆಟ್ಟು, ಕತ್ತಿನ ಗೀರುಗಳನ್ನು ಜೊಂಡಿನ ಗೀರುಗಳ ಜೊತೆ ಸೇರಿಸಿಬಿಡುತ್ತದೆ. ಗಾಳಿಗೆ ಜೊಂಡು ತೂಗಿದರೆ ಗುಪ್ಪಿಯ ಜಾತಿಗಳು ತಾವೂ ಜೊತೆಗೆ ತೂಗುವುದುಂಟು. ಕೊಕ್ಕು ಮೇಲಕ್ಕಿದ್ದರೂ ಕಣ್ಣು ಮಾತ್ರ ಕೊಕ್ಕಿನ ಕೆಳಗಿನಿಂದ ನಮ್ಮನ್ನೇ ನೋಡುತ್ತಿರುತ್ತದೆ. ನಾವು ಅದನ್ನು ಹುಡುಕುತ್ತಿದ್ದೇವೆ ಎಂದುಕೊಂಡಷ್ಟು ಹೊತ್ತೂ ಅದು ನಮ್ಮನ್ನು ಕಂಡಾಗಿರುತ್ತದೆ.

ಮೊದಲ ವರ್ಷಗಳಲ್ಲಿ ನಾನು ಒಂದು ತಪ್ಪು ಮಾಡಿದೆ. ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮೊಬೈಲಿನಲ್ಲಿ ಗುಪ್ಪಿಯ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆದೆ. ಆಗಸ್ಟ್ ತಿಂಗಳು, ಅದು ಗೂಡು ಕಟ್ಟುವ ಕಾಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಬಗೆದ ಹಕ್ಕಿ ಕಟ್ಟೆಯ ಮೇಲೆ ಸುತ್ತುಹೊಡೆದು, ಕರ್ಕಶವಾಗಿ ಕೂಗಿ, ಮತ್ತೆ ಮತ್ತೆ ಅದೇ ಕೇದಗೆಗೆ ಬಂದು ಕೂತಿತು. ಒಳ್ಳೆಯ ಚಿತ್ರಗಳು ಸಿಕ್ಕವು. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ನಾಲ್ಕನೆಯ ದಿನ ಹಕ್ಕಿ ಇರಲಿಲ್ಲ, ಆ ಮಳೆಗಾಲವಿಡೀ ಇರಲಿಲ್ಲ. ಆ ಚಿತ್ರಗಳನ್ನು ಯಾರಿಗೂ ತೋರಿಸಿಲ್ಲ.

ಅದೇ ಕಟ್ಟೆಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹಾಲಕ್ಕಿ ಒಕ್ಕಲಿನ ಅಜ್ಜಿಯೊಬ್ಬರನ್ನು ಮುಂದಿನ ವರ್ಷ ಕೇಳಿದೆ, ಈ ಕೇದಗೆಯನ್ನು ಯಾರೂ ಕಡಿಯುವುದಿಲ್ಲವೇ ಎಂದು. ‘ಕಡೂಕೆ ಬಿಡೂದಿಲ್ಲ. ಅದು ಹೋದ್ರೆ ಕಟ್ಟೆ ನಿಲ್ಲೂದಿಲ್ಲ’ ಎಂದರು. ಕೇದಗೆಯ ಊರುಬೇರುಗಳು ಮಣ್ಣನ್ನು ಹಿಡಿಯುತ್ತವೆ, ಕಟ್ಟೆ ಹೊಳೆಯನ್ನು ಹಿಡಿಯುತ್ತದೆ, ಗದ್ದೆ ಉಳಿಯುತ್ತದೆ. ಗುಪ್ಪಿಯ ಮಾತೇ ಅವರ ಲೆಕ್ಕದಲ್ಲಿರಲಿಲ್ಲ. ಆದರೆ ಗುಪ್ಪಿ ಬದುಕಿದ್ದು ಆ ಲೆಕ್ಕದಿಂದಲೇ. ಹಕ್ಕಿಗಾಗಿ ಯಾರೂ ಏನನ್ನೂ ಮಾಡದ ಕಡೆ, ತಮ್ಮ ಅನ್ನಕ್ಕಾಗಿ ಉಳಿಸಿಕೊಂಡ ಒಂದು ಬೇಲಿಯ ನೆರಳಿನಲ್ಲಿ ಅದು ಸಂಸಾರ ಮಾಡಿತ್ತು. ಹಕ್ಕಿಯ ಪುಸ್ತಕಗಳು ಹೇಳದ ಸಂಗತಿಯನ್ನು ಆ ಕಟ್ಟೆಯ ಮೇಲೆ ನಿಂತು ಕಲಿತೆ.

ಪುಸ್ತಕಗಳೂ ಬೇಕು. ಕಾರವಾರದಲ್ಲಿ ಕಲೆಕ್ಟರ್ ಆಗಿದ್ದ ಜೆ. ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ ದೀರ್ಘ ಲೇಖನ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಕಾಲದಲ್ಲಿ ಅಪರೂಪದ ಹಕ್ಕಿ ಇತ್ತೆಂದು ಸಾಧಿಸಲು ಸಾಮಾನ್ಯವಾಗಿ ಅದರ ಚರ್ಮವನ್ನೋ ಮೊಟ್ಟೆಯನ್ನೋ ತೋರಿಸಬೇಕಿತ್ತು. ಈಗ ಒಂದು ಚಿತ್ರ ಸಾಕು. ಇದು ದೊಡ್ಡ ಬದಲಾವಣೆ ಎಂದೇ ನಂಬಿದ್ದೇನೆ. ಆದರೆ ಚಿತ್ರಕ್ಕಾಗಿ ಗೂಡಿನ ಮುಂದಿನ ಎಲೆ ಸವರುವವರನ್ನು ಕಂಡಾಗ, ಕೋವಿಯ ಕಾಲ ಪೂರ್ತಿ ಮುಗಿದಿಲ್ಲ ಎನಿಸುತ್ತದೆ. ಎಲೆ ಸರಿದರೆ ಮರಿ ನಮಗಷ್ಟೇ ಕಾಣುವುದಲ್ಲ, ಕಾಗೆಗೂ ಕಾಣುತ್ತದೆ.

2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಜನ ತೀರಿಕೊಂಡರು. ಆ ಮಳೆಗಾಲ ನಾನು ಕ್ಯಾಮೆರಾ ಹೊರತೆಗೆಯಲಿಲ್ಲ.

ಮರುವರ್ಷದ ಆಗಸ್ಟಿನಲ್ಲಿ, ಮೊದಲು ಹೇಳಿದ ಆ ಹುಲ್ಲಿನ ಮರೆಯ ಚಿತ್ರ ಸಿಕ್ಕಿತು. ಬೆಳಿಗ್ಗೆ ಆರೂವರೆ, ಮೋಡ ತಲೆಯ ಮೇಲೇ ಇತ್ತು. ಅಂಥ ಬೆಳಕಿನಲ್ಲಿ ಆಟೋಫೋಕಸ್ ಮುಂದಿನ ಹುಲ್ಲನ್ನೇ ಹಿಡಿಯುತ್ತದೆ. ಕೈಯಿಂದ ತಿರುಗಿಸಿ ಹುಲ್ಲು ದಾಟಬೇಕು, ಶಟರ್ ನಿಧಾನವಾದಷ್ಟೂ ಉಸಿರು ಹಿಡಿಯಬೇಕು. ಕೊಪ್ಪೆ ಹೊದ್ದು ಎದುರು ದಂಡೆಯಲ್ಲಿ ಕೂತಿದ್ದೆ. ನಡುವೆ ನೀರಿದ್ದುದರಿಂದ ಹತ್ತಿರ ಹೋಗುವ ಆಸೆಗೆ ಎಡೆಯೇ ಇರಲಿಲ್ಲ. ಕೇದಗೆಯ ಬುಡದಲ್ಲಿ ನೀರು ಒಮ್ಮೆ ಚಿಮ್ಮಿತು. ಬಕಗಳ ಕತ್ತಿನಲ್ಲಿ ಒಂದು ಮೂಳೆ ಉಳಿದವಕ್ಕಿಂತ ಉದ್ದವಿರುತ್ತದೆ, ಅದರಿಂದಲೇ ಆ ಎಸ್ ಆಕಾರದ ಮಡಿಕೆ, ಅದರಿಂದಲೇ ಭರ್ಜಿಯ ವೇಗ. ಕಣ್ಣಿಗೆ ಹೊಡೆತ ಕಾಣಲಿಲ್ಲ, ಕೊಕ್ಕಿನಲ್ಲಿ ಸುತ್ತಿಕೊಂಡ ಹಾವುಮೀನು ಮಾತ್ರ ಕಂಡಿತು.

ನುಂಗಿದ ಮೇಲೆ ಅದು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಲೋಳೆ ಮೆತ್ತಿದ ತಲೆಯನ್ನು ಎದೆಗೆ ಒರೆಸಿಕೊಂಡು, ಒಂದು ಕಾಲೆತ್ತಿ ಕೆನ್ನೆ ಬಾಚತೊಡಗಿತು. ಬಕಗಳ ಮೈಯಲ್ಲಿ ತಾನೇ ಪುಡಿಯಾಗಿ ಉದುರುವ ಗರಿಗಳಿವೆ, ನಡುಬೆರಳ ಉಗುರಿನಲ್ಲಿ ಬಾಚಣಿಗೆಯ ಹಲ್ಲುಗಳಿವೆ. ಪುಡಿ ಲೋಳೆಯನ್ನು ಹೀರುತ್ತದೆ, ಬಾಚಣಿಗೆ ಅದನ್ನು ಕೆರೆದು ತೆಗೆಯುತ್ತದೆ. ಮಳೆಯಲ್ಲಿ, ಯಾರೂ ನೋಡುತ್ತಿಲ್ಲ ಎಂಬ ನೆಮ್ಮದಿಯಲ್ಲಿ, ಅಷ್ಟು ಅಂಜುವ ಹಕ್ಕಿ ಕಣ್ಣು ಅರೆಮುಚ್ಚಿ ತಲೆ ಬಾಚಿಕೊಳ್ಳುತ್ತಿತ್ತು. ಮೂರು ಸಲ ಶಟರ್ ಒತ್ತಿದೆ, ಸದ್ದು ನೀರು ದಾಟಲಿಲ್ಲ. ಹಕ್ಕಿ ತನ್ನ ಪಾಡಿಗೆ ಎಲೆಗಳ ಹಿಂದಕ್ಕೆ ನಡೆದುಹೋಯಿತು, ಹಾರಲಿಲ್ಲ. ಹಾರಿಸದೆ ಬಂದೆ ಎಂಬುದು ಆ ಚಿತ್ರದ ಬಗ್ಗೆ ನನಗಿರುವ ಹೆಮ್ಮೆ.

ತೆಂಕಣದ ಅಘನಾಶಿನಿ ಅಳಿವೆಗೆ 2024ರಲ್ಲಿ ಜೌಗು ನೆಲಗಳಿಗೆ ಕೊಡುವ ರಾಮ್ಸಾರ್ ಮನ್ನಣೆ ಸಿಕ್ಕಿತು, 4,801 ಹೆಕ್ಟೇರಿಗೆ. ಸಂತೋಷದ ಸಂಗತಿ. ಪಕ್ಕದ ಗಂಗಾವಳಿಗೆ ಅಂಥ ಹೆಸರಿಲ್ಲ. ಕೇಣಿಯಲ್ಲಿ ಬಂದರು, ಅಲಗೇರಿಯಲ್ಲಿ ವಿಮಾನ ನಿಲ್ದಾಣ ಎಂದು ಅಂಕೋಲೆಯ ನೆಲದ ಬೆಲೆ ಏರುತ್ತಿದೆ. ಬೆಲೆ ಏರಿದ ಕಡೆ ಮೊದಲು ‘ಸ್ವಚ್ಛ’ವಾಗುವುದು ಪೊದೆ, ಜೊಂಡು, ಕಟ್ಟೆಯ ಅಂಚು. ಜೆಸಿಬಿಗೆ ಒಂದು ಬೆಳಗಿನ ಕೆಲಸ. ಗದ್ದೆ ಉಳಿದರೂ ಅಂಚು ಹೋದರೆ ಗುಪ್ಪಿ ಹೋದಂತೆಯೇ, ಅದು ಇದ್ದದ್ದು ಅಂಚಿನಲ್ಲಿ ಮಾತ್ರ.

ಗಜನಿ ಇರುವವರಲ್ಲಿ ಒಂದು ಬೇಡಿಕೆ. ಈ ಹಕ್ಕಿ ಮೊಟ್ಟೆಯಿಟ್ಟು ಮರಿ ಸಾಕುವುದು ಮಳೆಗಾಲದಲ್ಲೇ, ಸೆಪ್ಟೆಂಬರ್‌ವರೆಗೂ. ಕಟ್ಟೆಯ ಪೊದೆ ಸವರಲೇಬೇಕಿದ್ದರೆ ದೀಪಾವಳಿ ಕಳೆಯಲಿ, ಅಲ್ಲಿಯವರೆಗೆ ಕತ್ತಿ ಜಗಲಿಯ ಮೂಲೆಯಲ್ಲೇ ಇರಲಿ.