ಎರಡೂ ರದ್ದೇ ಅಲ್ವಾ ಸಾರ್?

ಸಾಫ್ಟ್‌ವೇರ್ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಕೋಡ್ ಬರೆಯೋದು ಅನ್ನಲ್ಲ. ರಾತ್ರಿ ಎರಡು ಗಂಟೆಗೆ ಬಗ್ ಹುಡುಕೋದು ಅಂತಲೂ ಅನ್ನಲ್ಲ. ಬಾಯಿ ಮುಚ್ಚಿಕೊಂಡು ಕೂರೋದು! ನಾವು ಮಾಡಿದ ಪರದೆಯ ಮುಂದೆ ಹೊಸಬರೊಬ್ಬರು ಕೂತು ತಡಕಾಡುತ್ತಿರುವಾಗ, "ಅಲ್ಲೇ ಕೆಳಗೆ ಇದೆಯಲ್ಲ, ಅದನ್ನ ಒತ್ತಿ" ಅಂತ ಹೇಳದೆ ಕೈಕಟ್ಟಿಕೊಂಡು ಹಿಂದೆ ಕೂತು ನೋಡೋದು. ಮನೆಯಲ್ಲಿ ಒಮ್ಮೆ ಅಪ್ಪನ ಕೈಗೆ ಮೊಬೈಲ್ ಕೊಟ್ಟು ಪ್ರಯತ್ನಿಸಿ ನೋಡಿ, ಎರಡು ನಿಮಿಷ ತಡೆದುಕೊಂಡರೆ ನೀವು ದೊಡ್ಡವರು :)

ಇದಕ್ಕೆ ನಮ್ಮಲ್ಲಿ ಯೂಸಬಿಲಿಟಿ ಟೆಸ್ಟ್ ಅಂತಾರೆ. ಹೆಸರು ದೊಡ್ಡದು, ಮಾಡೋದು ಇಷ್ಟೇ. ಬಳಸುವವರನ್ನು ಕರೆದು, ಅವರು ದಿನನಿತ್ಯ ಮಾಡುವಂಥ ಒಂದು ಕೆಲಸ ಕೊಟ್ಟು, ಮನಸ್ಸಿನಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಅನ್ನೋದು. 1982ರಲ್ಲೇ ಐಬಿಎಮ್‌ನಲ್ಲಿದ್ದ ಕ್ಲೇಟನ್ ಲೂಯಿಸ್ ಈ ವಿಧಾನದ ಬಗ್ಗೆ ಬರೆದಿದ್ದರು. ಅವರು "ಇದನ್ನ ಒತ್ಲಾ?" ಅಂತ ಕೇಳಿದರೆ ನಾವು ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತೆಯೂ ಇಲ್ಲ. "ನಾನಿಲ್ಲಿ ಇಲ್ಲದಿದ್ದರೆ ಏನು ಮಾಡ್ತಿದ್ರಿ?" ಅಂತ ಕೇಳಬೇಕು. ಮೊದಮೊದಲು ಇದು ಕ್ರೌರ್ಯ ಅನ್ನಿಸುತ್ತೆ.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಬಸ್ ಟಿಕೆಟ್ ಕಾದಿರಿಸುವ ಆ್ಯಪ್ ಒಂದರ ಕನ್ನಡ ಆವೃತ್ತಿಯನ್ನು ಹೀಗೆ ಪರೀಕ್ಷೆ ಮಾಡಿದೆವು. ಪರದೆ ಮಾಡಿದ್ದು ಬೇರೆ ತಂಡ. ಸಹೋದ್ಯೋಗಿಯೊಬ್ಬ ಕೆಲಸ ಹೇಳುವವನು, ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುವವನು. ಬಂದವರಲ್ಲಿ ಒಬ್ಬರು ಐವತ್ತರ ಆಸುಪಾಸಿನ ಹೆಂಗಸು, ಹತ್ತಿರದಲ್ಲೇ ಟೈಲರಿಂಗ್ ಅಂಗಡಿ ನಡೆಸುವವರು. ಹಾಸನಕ್ಕೆ ಟಿಕೆಟ್ ಕಾದಿರಿಸಿ ಅಂದ್ವಿ, ನಿಧಾನವಾಗಿ, ಸರಿಯಾಗಿಯೇ ಕಾದಿರಿಸಿದರು. "ಈಗ ಪ್ರಯಾಣ ಬೇಡ ಅಂದ್ಕೊಳಿ ಅಮ್ಮ, ಕ್ಯಾನ್ಸಲ್ ಮಾಡಿ" ಅಂದ ನನ್ನ ಸಹೋದ್ಯೋಗಿ.

ಪರದೆಯಲ್ಲಿ ಒಂದು ಪೆಟ್ಟಿಗೆ ಬಂತು. "ಟಿಕೆಟ್ ರದ್ದು ಮಾಡಬೇಕೆ?" ಕೆಳಗೆ ಎರಡು ಬಟನ್. ಒಂದರಲ್ಲಿ "ಸರಿ", ಇನ್ನೊಂದರಲ್ಲಿ "ರದ್ದುಮಾಡಿ".

ಅವರ ಬೆರಳು ಗಾಳಿಯಲ್ಲೇ ನಿಂತಿತು. ಒಂದು ಸಲ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದರು. "ಎರಡೂ ರದ್ದೇ ಅಲ್ವಾ ಸಾರ್?" ಅಂದರು. ನಾವು ಸುಮ್ಮನಿದ್ದೆವು. ಕೊನೆಗೆ "ರದ್ದುಮಾಡಿ" ಒತ್ತಿದರು, ಪೆಟ್ಟಿಗೆ ಮಾಯವಾಯಿತು. "ಆಯ್ತು ಸಾರ್" ಅಂತ ಮೊಬೈಲ್ ಮೇಜಿನ ಮೇಲಿಟ್ಟರು.

ಆಗಿರಲಿಲ್ಲ. ಟಿಕೆಟ್ ಹಾಗೇ ಇತ್ತು. ಆ ಬಟನ್ನಿನ ಅರ್ಥ 'ಈ ಪೆಟ್ಟಿಗೆಯನ್ನು ಮುಚ್ಚು' ಅಂತ! ಇದು ನಿಜವಾದ ಟಿಕೆಟ್ ಆಗಿದ್ದರೆ ಆಯಮ್ಮ ನೆಮ್ಮದಿಯಾಗಿ ಮನೆಗೆ ಹೋಗಿರುತ್ತಿದ್ದರು, ಬಸ್ಸು ಹೊರಟ ಮೇಲೆ ದುಡ್ಡೂ ಹೋಗಿರುತ್ತಿತ್ತು.

ಇದು ಹೇಗಾಯ್ತು ಅಂತ ಆಮೇಲೆ ವಿಚಾರಿಸಿದೆವು. ಅನುವಾದ ಮಾಡಿದವರಿಗೆ ಪರದೆಯನ್ನೇ ತೋರಿಸಿರಲಿಲ್ಲ. ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಖಾಲಿ ಕಾಲಂ. 'ಓಕೆ' ಎದುರು 'ಸರಿ', 'ಕ್ಯಾನ್ಸಲ್' ಎದುರು 'ರದ್ದುಮಾಡಿ'. ಪದಕ್ಕೆ ಪದ ನೋಡಿದರೆ ತಪ್ಪೇ ಇಲ್ಲ. ಇಂಗ್ಲಿಷ್ ಆವೃತ್ತಿಯಲ್ಲೂ ಇದೇ ಗೊಂದಲ ಇದೆ, ಆದರೆ ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತ ನಮ್ಮಂಥವರಿಗೆ ಯಾವ ಬಟನ್ ಯಾವುದಕ್ಕೆ ಅಂತ ಕೈಗೇ ಗೊತ್ತು, ಓದುವುದೇ ಇಲ್ಲ. ಆಯಮ್ಮ ಓದಿದರು. ಆ ಪೆಟ್ಟಿಗೆಯನ್ನು ನಿಜವಾಗಿ ಓದಿದ ಮೊದಲ ವ್ಯಕ್ತಿ ಬಹುಶಃ ಅವರೇ.

ನನಗೆ ಚುಚ್ಚಿದ್ದು ಅದಲ್ಲ. ಟಿಕೆಟ್ ರದ್ದಾಗಿಲ್ಲ ಅಂತ ತಿಳಿದಾಗ ಅವರು ಹೇಳಿದ್ದು: "ಅಯ್ಯೋ, ನಾನು ಓದಿರೋದು ಏಳನೇ ಕ್ಲಾಸು, ನಂಗೆಲ್ಲಿ ಗೊತ್ತಾಗುತ್ತೆ ಬಿಡಿ ಸಾರ್". ಅಮೆರಿಕದ ಡಾನ್ ನಾರ್ಮನ್ 1988ರಲ್ಲಿ ಬಾಗಿಲು, ನಲ್ಲಿ, ಒಲೆಗಳ ವಿನ್ಯಾಸದ ಬಗ್ಗೆ ಪುಸ್ತಕ ಬರೆದಾಗ ಇದನ್ನೇ ಒತ್ತಿ ಹೇಳಿದ್ದರು. ವಸ್ತು ಕೆಟ್ಟದಾಗಿದ್ದರೂ ಜನ ಬೈದುಕೊಳ್ಳೋದು ತಮ್ಮನ್ನೇ. "ನಾವು ಪರೀಕ್ಷೆ ಮಾಡ್ತಿರೋದು ಪರದೆನ, ನಿಮ್ಮನ್ನಲ್ಲ" ಅಂತ ಶುರುವಿನಲ್ಲೇ ಹೇಳಿದ್ದೆವು. ಪ್ರಯೋಜನವಾಗಲಿಲ್ಲ. ಆಯಮ್ಮನ ಅಂಗಡಿಗೆ ಯಾರಾದರೂ ಬಂದು ರವಿಕೆ ಬಿಗಿ ಅಂದರೆ ಅವರು ಗಿರಾಕಿಯ ತೋಳನ್ನು ದೂರುತ್ತಾರಾ? ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡ್ತಾರೆ. ನಮ್ಮ ಧಂದೆಯಲ್ಲಿ ಮಾತ್ರ ತೋಳಿನದೇ ತಪ್ಪು.

ಇದೆಲ್ಲ ಹೊಸ ಜ್ಞಾನವೇನಲ್ಲ. 1985ರಲ್ಲಿ ಜಾನ್ ಗೌಲ್ಡ್ ಮತ್ತು ಇದೇ ಕ್ಲೇಟನ್ ಲೂಯಿಸ್ ಮೂರು ಮಾತು ಹೇಳಿದ್ದರು. ಶುರುವಿನಿಂದಲೇ ಬಳಸುವವರನ್ನು ನೋಡಿ, ಅವರ ಕೈಗೆ ಕೊಟ್ಟು ಅಳೆದು ನೋಡಿ, ತಿದ್ದಿ ಮತ್ತೆ ಕೊಡಿ. ಇಷ್ಟೇನಾ, ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅನ್ನಿಸುತ್ತೆ. ಆದರೆ ಅವರು ಸಾಫ್ಟ್‌ವೇರ್ ಮಂದಿಯನ್ನೇ ಕೇಳಿ ನೋಡಿದಾಗ ಈ ಮೂರನ್ನೂ ಬರೆದವರು ಕೆಲವೇ ಜನ. ಗೌಲ್ಡ್ ತಂಡ ಅದನ್ನು ಮಾಡಿಯೂ ತೋರಿಸಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬಂದ ಕ್ರೀಡಾಪಟುಗಳಿಗೆ ಮನೆಯವರು ಫೋನಿನಲ್ಲಿ ಧ್ವನಿ ಸಂದೇಶ ಬಿಡುವ ವ್ಯವಸ್ಥೆ ಅದು, 12 ಭಾಷೆಗಳಲ್ಲಿ. ಬಳಕೆ ಹೇಗಿರುತ್ತೆ ಅಂತ ಮೊದಲು ಕಾಗದದ ಮೇಲೆ ಬರೆದು ಜನರಿಗೆ ತೋರಿಸಿದರು. ಆಮೇಲೆ ಒಂದು ಮಾದರಿ ಕಿಯಾಸ್ಕನ್ನು ತಮ್ಮ ಸಂಶೋಧನಾ ಕೇಂದ್ರದ ಓಡಾಡುವ ಹಾದಿಯಲ್ಲೇ ಇಟ್ಟು, ಹೋಗಿಬರುವವರೆಲ್ಲ ಏನಂತಾರೆ ಅಂತ ಕೇಳಿಸಿಕೊಂಡರು. ನನಗಂತೂ ಆ ಹಾದಿಯ ಕಿಯಾಸ್ಕ್ ಬಹಳ ಇಷ್ಟ. ನಮ್ಮಲ್ಲಾಗಿದ್ದರೆ ಒಂದು ಪವರ್‌ಪಾಯಿಂಟ್ ಆಗಿರುತ್ತಿತ್ತು.

ಇನ್ನು 'ಐದು ಜನ ಸಾಕು' ಅನ್ನೋ ಮಾತು. ಯಾಕಬ್ ನೀಲ್ಸನ್ 2000ದಲ್ಲಿ ಬರೆದದ್ದು, ಐದು ಜನರನ್ನು ಕೂರಿಸಿ ನೋಡಿದರೆ ಸುಮಾರು 85 ಶೇಕಡಾ ತೊಂದರೆಗಳು ಸಿಕ್ಕಿಬಿಡುತ್ತವೆ ಅಂತ. ಅದನ್ನು ಒಪ್ಪದವರೂ ಇದ್ದಾರೆ. ನನ್ನ ತಕರಾರು ಸಂಖ್ಯೆಯ ಬಗ್ಗೆ ಅಲ್ಲ. ಯಾವ ಐದು ಜನ? ಆಫೀಸುಗಳಲ್ಲಿ ಸಾಮಾನ್ಯವಾಗಿ ಮೇಲಿನ ಮಹಡಿಯಿಂದ ಐದು ಜನರನ್ನು ಪಿಜ್ಜಾ ಕೊಡಿಸ್ತೀವಿ ಅಂತ ಕರೆತರುತ್ತಾರೆ. ಎಲ್ಲರೂ ಇಂಜಿನಿಯರುಗಳು, ಎಲ್ಲರೂ ಆ್ಯಪನ್ನು ಇಂಗ್ಲಿಷಿನಲ್ಲೇ ಬಳಸುವವರು. ಅದು ಐದು ಜನ ಅಲ್ಲ, ಒಬ್ಬನೇ ಮನುಷ್ಯ ಐದು ಸಲ ಬಂದ ಹಾಗೆ. ಕನ್ನಡದ ಪರದೆಯನ್ನು ಕನ್ನಡ ಬೇಕಾದವರಿಗೇ ತೋರಿಸದಿದ್ದರೆ ಆ "ರದ್ದುಮಾಡಿ" ಇನ್ನೂ ಅಲ್ಲೇ ಇರುತ್ತಿತ್ತು.

ಈಗ ಅಲ್ಲಿಲ್ಲ. "ಟಿಕೆಟ್ ಬೇಡ" ಮತ್ತು "ಟಿಕೆಟ್ ಇರಲಿ" ಅಂತ ಬದಲಾಯಿಸಿದ್ದಾರೆ. ಭಾಷೆ ಗಂಭೀರವಾಗಿಲ್ಲ ಅಂತ ಮೀಟಿಂಗಿನಲ್ಲಿ ಒಬ್ಬರು ಅಡ್ಡಬಂದರು, ಅವರಿಗೆ ಟೆಸ್ಟಿನ ವಿಡಿಯೋ ತೋರಿಸಿದೆವು, ಸುಮ್ಮನಾದರು. ಎರಡನೇ ಸುತ್ತಿಗೆ ಬಂದವರು ಯಾರೂ ಅಲ್ಲಿ ತಡವರಿಸಲಿಲ್ಲ. ಆದರೆ ಒಬ್ಬ ಆಟೋ ಡ್ರೈವರ್ "ಟಿಕೆಟ್ ಬೇಡ" ಒತ್ತಿ, ನಮ್ಮ ಕಡೆ ತಿರುಗಿ, "ದುಡ್ಡು ಯಾವಾಗ ಬರುತ್ತೆ ಗುರೂ?" ಅಂದ. ಪರದೆಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಮುಂದಿನ ಆವೃತ್ತಿಯ ಪಟ್ಟಿಯಲ್ಲಿ ಅದೇ ಮೊದಲನೆಯದು.